ರಸ್ತೆ ಅಗಲೀಕರಣಕ್ಕೆ ಜಾಗ ಹೋಗುವಾಗ ಏನು ಮಾಡಬೇಕು: ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ಸರ್ವೆಯವರು ಬಂದು ಅಂಗಳದ ತೆಂಗಿನ ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಪ್ಪ ಜಗುಲಿ ಮೇಲೆ ಕೂತು ಆ ನಂಬರುಗಳನ್ನೇ ನೋಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಕೊಟ್ಟಿಗೆಯ ಹಿಂದೆ ಇನ್ನೂ ಮೂರು ಮರ ಇದ್ದವು. ಅವಕ್ಕೆ ನಂಬರ್ ಬಿದ್ದಿರಲಿಲ್ಲ. ಬಾವಿಗೆ ಎಲೆ ಬೀಳಬಾರದು ಅಂತ ಬಲೆ ಹಾಸಿದ್ದೆವು, ಹಾಗಾಗಿ ಬಾವಿಯೂ ಅವರ ಕಣ್ಣಿಗೆ ಬೀಳಲಿಲ್ಲ. ಅಪ್ಪ ಅವರು ಕೊಟ್ಟ ಹಾಳೆಗೆ ಸಹಿ ಹಾಕಿದರು. ಓದಲಿಲ್ಲ. ನಾವೂ ಓದಲಿಲ್ಲ.

ನಾಲ್ಕು ತಿಂಗಳ ನಂತರ ಪಟ್ಟಿಯ ನಕಲು ಕೈಗೆ ಸಿಕ್ಕಾಗ ತಪ್ಪು ಗೊತ್ತಾಯಿತು. ಮೂರು ತೆಂಗು, ಒಂದು ಬಾವಿ, ಪಾಗಾರದ ಅರ್ಧ ಭಾಗ, ಯಾವುದೂ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಸೇರಿಸಲು ಕಚೇರಿಗೆ ಹನ್ನೊಂದು ಸಲ ಓಡಾಡಿದೆವು. ಕೊನೆಗೆ ಸೇರಿಸಿದರು. ಮೋಜಣಿಯ ದಿನವೇ ಹತ್ತು ನಿಮಿಷ ಎಚ್ಚರ ವಹಿಸಿದ್ದರೆ ಆ ಹನ್ನೊಂದು ಸಲದ ಓಡಾಟ ತಪ್ಪುತ್ತಿತ್ತು.

ನಮ್ಮ ಜಿಲ್ಲೆಗೆ ಭೂಸ್ವಾಧೀನ ಹೊಸದಲ್ಲ. ಸೀಬರ್ಡ್ ನೌಕಾನೆಲೆ, ಕೈಗಾ, ಕೊಂಕಣ ರೈಲ್ವೆ, ಈಗ ಹೆದ್ದಾರಿ. ಸೀಬರ್ಡಿಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. ಜಾಗ ಕಳೆದುಕೊಂಡವರು ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟು ಅಲೆದರು. ಮಾಜಾಳಿಯಿಂದ ಭಟ್ಕಳದವರೆಗೆ ಹಳೆಯ 17, ಈಗಿನ 66ನೇ ನಂಬರಿನ ಹೆದ್ದಾರಿ ಚತುಷ್ಪಥ ಆಗುವಾಗ ಎಷ್ಟೋ ಮನೆಗಳ ಅಂಗಳ, ತುಳಸಿಕಟ್ಟೆ, ಅಂಗಡಿ ಹೋಯಿತು. ಘಟ್ಟದ ಮೇಲೆ ಕುಮಟಾ–ಶಿರಸಿ ರಸ್ತೆಯೂ ಅಗಲವಾಗುತ್ತಿದೆ. ಮುಂದೆ ಇನ್ನೂ ರಸ್ತೆಗಳು ಬರುತ್ತವೆ. ಹಾಗಾಗಿ ನಮಗೆ ತಡವಾಗಿ ಗೊತ್ತಾದದ್ದನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ.

ಮೊದಲು: ನಿಮ್ಮ ರಸ್ತೆ ಯಾವ ಕಾನೂನಿಗೆ ಬರುತ್ತದೆ?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಯಾಕೆಂದರೆ ಗಡುವುಗಳೇ ಬೇರೆ ಬೇರೆ.

ರಾಷ್ಟ್ರೀಯ ಹೆದ್ದಾರಿ ಆದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಇದರ ಕಲಂಗಳನ್ನು ಜನ 3ಎ (ಜಾಗ ಬೇಕು ಅನ್ನುವ ಅಧಿಸೂಚನೆ), 3ಡಿ (ಜಾಗ ಸರ್ಕಾರದ್ದಾಯಿತು ಅನ್ನುವ ಘೋಷಣೆ), 3ಜಿ (ಪರಿಹಾರ ನಿಗದಿ) ಅಂತಲೇ ಕರೆಯುತ್ತಾರೆ. ಕಚೇರಿಯಲ್ಲೂ ಅದೇ ಮಾತು. ರಾಜ್ಯ ಹೆದ್ದಾರಿ ಅಥವಾ ಜಿಲ್ಲಾ ರಸ್ತೆ ಆದರೆ 2013ರ ಭೂಸ್ವಾಧೀನ ಕಾಯ್ದೆ. ಮೊದಲನೆಯದರಲ್ಲಿ ಆಕ್ಷೇಪಣೆಗೆ 21 ದಿನ, ಎರಡನೆಯದರಲ್ಲಿ 60 ದಿನ. 60 ದಿನ ಇದೆ ಅಂದುಕೊಂಡು ಹೆದ್ದಾರಿ ನೋಟಿಸನ್ನು ಕಪಾಟಿನಲ್ಲಿಟ್ಟವರನ್ನು ನಾನು ನೋಡಿದ್ದೇನೆ.

ಪರಿಹಾರದ ಲೆಕ್ಕ ಮಾತ್ರ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. 2015ರ ಜನವರಿ 1ರಿಂದ ಹೆದ್ದಾರಿ ಸ್ವಾಧೀನಕ್ಕೂ 2013ರ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿ ನಿಯಮಗಳು ಅನ್ವಯ ಆಗುತ್ತವೆ. "ಇದು ಹೆದ್ದಾರಿ, ನಿಮಗೆ ಆ ಕಾಯ್ದೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಮುಂದೆ ಹೇಳುವುದು ಮುಖ್ಯವಾಗಿ ರಾಷ್ಟ್ರೀಯ ಹೆದ್ದಾರಿಯ ದಾರಿ. ಕರಾವಳಿಯಲ್ಲಿ ಜಾಸ್ತಿ ಜನರಿಗೆ ಬರುವುದು ಅದೇ.

ನೋಟಿಸು ಬರುವ ಮೊದಲೇ ಕಾಗದ ಸರಿ ಮಾಡಿಕೊಳ್ಳಿ

ರಸ್ತೆ ಅಗಲ ಆಗುತ್ತದಂತೆ ಅನ್ನೋ ಮಾತು ಊರಲ್ಲಿ ಹಬ್ಬಿದ ದಿನವೇ ಒಂದು ಫೈಲ್ ಮಾಡಿ. ಮೊದಲು ಪಹಣಿ ತೆಗೆಯಿರಿ. ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ನಾಡಕಚೇರಿಯಲ್ಲೂ ಕೊಡುತ್ತಾರೆ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ.

ನಮ್ಮ ಕಡೆಯ ದೊಡ್ಡ ಸಮಸ್ಯೆ ಇರುವುದೇ ಅಲ್ಲಿ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಆಗಿರುತ್ತದೆ, ಪಹಣಿಯಲ್ಲಿ ಇನ್ನೂ ಅಜ್ಜನದೇ ಹೆಸರು. ಹಿಸ್ಸೆ ಆಗಿಲ್ಲ. ಒಬ್ಬ ಚಿಕ್ಕಪ್ಪ ಮುಂಬಯಿಯಲ್ಲಿ, ಒಬ್ಬರು ಗೋವಾದಲ್ಲಿ, ಅತ್ತೆ ಹೊನ್ನಾವರಕ್ಕೆ ಮದುವೆಯಾಗಿ ಹೋಗಿದ್ದಾರೆ. ಮನೆಯಲ್ಲಿ ಇರುವವರು ಒಬ್ಬರೇ, ತೆರಿಗೆ ಕಟ್ಟುವವರೂ ಅವರೇ. ಆದರೆ ಪರಿಹಾರದ ಹಣ ಕಾಗದದಲ್ಲಿ ಇರುವವರ ಹೆಸರಿಗೆ ಬರುತ್ತದೆ. ಹಾಗಾಗಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಲು, ಈಗಲೇ ಅರ್ಜಿ ಹಾಕಿ. ವಂಶವೃಕ್ಷ, ಮರಣ ಪ್ರಮಾಣಪತ್ರ ಜೋಡಿಸಿ.

ಅಕ್ಕ-ತಂಗಿಯರನ್ನು, ಅತ್ತೆಯರನ್ನು ವಂಶವೃಕ್ಷದಿಂದ ಬಿಡಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಸ್ಪಷ್ಟ ಮಾಡಿದೆ. ಅವರ ಹೆಸರು ಬಿಟ್ಟು ಹಣ ಎತ್ತಲು ಹೋದರೆ ಅವರು ತಕರಾರು ಹಾಕುತ್ತಾರೆ, ಹಾಕಬೇಕಾದದ್ದೇ. ಆಗ ಪಾಲಿನ ಜಗಳ ಸಿವಿಲ್ ಕೋರ್ಟಿಗೆ ಹೋಗುತ್ತದೆ, ಹಣ ಅಲ್ಲೇ ಕೂತುಬಿಡುತ್ತದೆ. ರಸ್ತೆ ಆಗಿ ವಾಹನ ಓಡಾಡುತ್ತಿದ್ದರೂ ಪೈಸೆ ಕೈಗೆ ಬರದ ಮನೆಗಳು ಇವೆ. ಮೊದಲೇ ಎಲ್ಲರನ್ನೂ ಒಂದು ಭಾನುವಾರ ಕರೆದು ಊಟ ಹಾಕಿ ಮಾತಾಡಿ. ದೂರದಲ್ಲಿರುವವರು ಒಬ್ಬರಿಗೆ ಅಧಿಕಾರ ಪತ್ರ ಕೊಡಲಿ.

ಪಹಣಿಯ 11ನೇ ಕಾಲಂ ಕೂಡ ನೋಡಿ. ಸೊಸೈಟಿ ಸಾಲ, ಬ್ಯಾಂಕ್ ಸಾಲ ಅಲ್ಲಿ ಬಂದಿರುತ್ತದೆ. ತೀರಿಸಿದ ಸಾಲವೂ ತೆಗೆಯದೆ ಉಳಿದಿರುತ್ತದೆ. ತೀರಿದ್ದರೆ ಪತ್ರ ತಂದು ತೆಗೆಸಿ.

ಫೈಲಿನಲ್ಲಿ ಇರಬೇಕಾದದ್ದು: ಪಹಣಿ, ಮ್ಯುಟೇಷನ್ ನಕಲು, ಸರ್ವೆ ನಕ್ಷೆ, ಖರೀದಿ ಪತ್ರ ಅಥವಾ ಹಿಸ್ಸೆ ಪತ್ರ, ಋಣಭಾರ ಪತ್ರ, ಪಂಚಾಯ್ತಿಯ ಮನೆ ತೆರಿಗೆ ರಸೀದಿ, ಕರೆಂಟ್ ಬಿಲ್, ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್. ಜಾಗ ಬಿನ್‌ಶೇತ್ಕಿ (ಕೃಷಿಯೇತರ, ಎನ್.ಎ.) ಆಗಿದ್ದರೆ ಆ ಆದೇಶದ ನಕಲು ಎಲ್ಲಕ್ಕಿಂತ ಮುಖ್ಯ. ಎನ್‌.ಎ. ಆದ ಜಾಗಕ್ಕೂ ಗದ್ದೆಗೂ ದರದಲ್ಲಿ ತುಂಬ ವ್ಯತ್ಯಾಸ ಇರುತ್ತದೆ. ಆದೇಶ ಆಗಿಯೂ ಪಹಣಿಯಲ್ಲಿ ಏರದೇ ಉಳಿದಿದ್ದರೆ ನಿಮ್ಮ ಮನೆಯ ಜಾಗವನ್ನು ಗದ್ದೆ ಅಂತಲೇ ಲೆಕ್ಕ ಹಾಕುತ್ತಾರೆ.

3ಎ ಅಧಿಸೂಚನೆ

ಕೆಲಸ ಅಧಿಕೃತವಾಗಿ ಶುರು ಆಗುವುದು ಇಲ್ಲಿಂದ. "ಈ ಜಾಗ ನಮಗೆ ಬೇಕು" ಅಂತ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದು. ನಮ್ಮಲ್ಲಿ ಎಷ್ಟೋ ಜನ ಈ ಜಾಹೀರಾತನ್ನು ನೋಡುವುದೇ ಇಲ್ಲ. ಸಣ್ಣ ಅಕ್ಷರ, ಬರೀ ಸರ್ವೆ ನಂಬರುಗಳ ಪಟ್ಟಿ. ಗ್ರಾಮ ಪಂಚಾಯ್ತಿಯಲ್ಲಿ, ಗ್ರಾಮ ಆಡಳಿತಾಧಿಕಾರಿ ಹತ್ತಿರ ವಾರಕ್ಕೊಮ್ಮೆ ಕೇಳುತ್ತಿರಿ. ಇ-ಗೆಜೆಟ್ ಜಾಲತಾಣದಲ್ಲೂ ಹುಡುಕಬಹುದು. 2018ರಿಂದ ಹೆದ್ದಾರಿ ಸ್ವಾಧೀನದ ಕೆಲಸ 'ಭೂಮಿ ರಾಶಿ' ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತಿದೆ.

ಪಟ್ಟಿ ಸಿಕ್ಕಿದ ಕೂಡಲೇ ನಾಲ್ಕು ವಿಷಯ ನೋಡಿ: ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಸರಿಯಾ, ಜಾಗದ ಬಗೆ ಸರಿಯಾ (ಗದ್ದೆ, ತೋಟ, ಹಕ್ಕಲು, ಬಿನ್‌ಶೇತ್ಕಿ), ಮಾಲ್ಕಿಯೋ ಸರ್ಕಾರಿಯೋ, ಮತ್ತು ಎಷ್ಟು ವಿಸ್ತೀರ್ಣ.

ವಿಸ್ತೀರ್ಣದಲ್ಲಿ ಜನ ಎಡವುತ್ತಾರೆ. ನಮ್ಮ ಪಹಣಿ ಎಕರೆ-ಗುಂಟೆ-ಆಣೆಯಲ್ಲಿ ಇರುತ್ತದೆ, ಅಧಿಸೂಚನೆ ಹೆಕ್ಟೇರಿನಲ್ಲೋ ಚದರ ಮೀಟರಿನಲ್ಲೋ ಇರುತ್ತದೆ. ಲೆಕ್ಕ ಹೀಗೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಅಂದರೆ 1089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಒಂದು ಆಣೆ ಸುಮಾರು 6.3 ಚದರ ಮೀಟರ್. ಅಧಿಸೂಚನೆಯಲ್ಲಿ 0.0354 ಹೆಕ್ಟೇರ್ ಅಂತ ಇದ್ದರೆ ಅದು 354 ಚದರ ಮೀಟರ್, ಅಂದರೆ ನಿಮ್ಮ ಮೂರು ಗುಂಟೆ ಎಂಟು ಆಣೆ. 'ಸೊನ್ನೆ ಪಾಯಿಂಟ್ ಸೊನ್ನೆ' ನೋಡಿ "ಓ, ಇಷ್ಟೇನಾ" ಅಂತ ಸುಮ್ನೆ ಕೂರಬೇಡಿ. ಆ ಮೂರೂವರೆ ಗುಂಟೆಯಲ್ಲಿ ಇಡೀ ಮನೆ ಇರಬಹುದು.

3ಎ ಆದ ಮೇಲೆ ಅಧಿಕಾರಿಗಳು ನಿಮ್ಮ ಜಾಗಕ್ಕೆ ಬಂದು ಅಳೆಯಬಹುದು, ಗುರುತು ಹಾಕಬಹುದು. ಅದಕ್ಕೆ ಕಾನೂನಿನ ಅವಕಾಶ ಇದೆ, ಜಗಳಕ್ಕೆ ಹೋಗಬೇಡಿ.

ಆಕ್ಷೇಪಣೆ: 21 ದಿನ

ಪ್ರಕಟಣೆ ಆದ ದಿನದಿಂದ 21 ದಿನ. ಗೆಜೆಟ್ ಮತ್ತು ಪತ್ರಿಕೆ ಎರಡರಲ್ಲಿ ಯಾವುದು ಮೊದಲೋ ಆ ದಿನದಿಂದ ಎಣಿಸಿದರೆ ತೊಂದರೆ ಇಲ್ಲ. ಬರವಣಿಗೆಯಲ್ಲೇ ಕೊಡಬೇಕು. ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ವಿಶೇಷ ಭೂಸ್ವಾಧೀನಾಧಿಕಾರಿಗೋ ಅಥವಾ ಅಧಿಸೂಚನೆಯಲ್ಲಿ ಹೆಸರಿಸಿದ ಎಸಿ (ಉಪವಿಭಾಗಾಧಿಕಾರಿ) ಸಾಹೇಬರಿಗೋ. ನಮ್ಮ ಜಿಲ್ಲೆಯಲ್ಲಿ ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಹೀಗೆ ನಾಲ್ಕು ಉಪವಿಭಾಗ. ನಿಮ್ಮ ಅರ್ಜಿ ಯಾರ ಹತ್ತಿರ ಹೋಗಬೇಕು ಅಂತ ಅಧಿಸೂಚನೆಯಲ್ಲೇ ನೋಡಿ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಜತೆಗೆ ರಿಜಿಸ್ಟರ್ ಪೋಸ್ಟಿನಲ್ಲೂ ಕಳಿಸಿ.

ಏನು ಬರೆಯಬೇಕು? "ನಮಗೆ ಅನ್ಯಾಯ ಆಗುತ್ತಿದೆ, ದಯವಿಟ್ಟು ಕೈಬಿಡಿ" ಅಂತ ಬರೆದರೆ ಒಂದು ಸಾಲಿನಲ್ಲಿ ತಳ್ಳಿಹಾಕುತ್ತಾರೆ. ಪರಿಹಾರ ಕಡಿಮೆ ಅನ್ನುವ ಮಾತಿಗೂ ಇದು ಜಾಗ ಅಲ್ಲ, ಅದಕ್ಕೆ ಮುಂದೆ ಸಮಯ ಇದೆ. ಇಲ್ಲಿ ಬರೆಯಬೇಕಾದದ್ದು ಈ ಜಾಗವನ್ನು ಈ ರಸ್ತೆಗೆ ಬಳಸುವುದರ ಬಗ್ಗೆ. ಎದುರು ಬದಿಯಲ್ಲಿ ಸರ್ಕಾರಿ ಜಾಗ ಖಾಲಿ ಇದೆಯಾ? ಎರಡೂ ಕಡೆ ಸಮ ತೆಗೆಯಬೇಕಾದಲ್ಲಿ ಒಂದೇ ಕಡೆ ತೆಗೆದಿದ್ದಾರಾ? ಸರ್ವೆ ನಂಬರ್ ತಪ್ಪಿದೆಯಾ? ಅಲೈನ್‌ಮೆಂಟ್ ನಕ್ಷೆಯ ನಕಲು ಕೇಳಿ, ಅದರ ಮೇಲೆ ಗುರುತು ಮಾಡಿ ಜೋಡಿಸಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ವಿಷಯ ಬರೆಯಲೇಬೇಕು. ನೀರು ಮತ್ತು ದರೆ. ರಸ್ತೆಯನ್ನು ಎತ್ತರಿಸಿದರೆ ಮಳೆಗಾಲದಲ್ಲಿ ಗುಡ್ಡದ ನೀರು ಎಲ್ಲಿಗೆ ಹೋಗಬೇಕು? ಮೋರಿ ಎಲ್ಲಿ ಇಟ್ಟಿದ್ದಾರೆ? ಗಜನಿ ಗದ್ದೆಗೆ ಉಪ್ಪುನೀರು ಹೋಗಿ ಬರುವ ದಾರಿ ಮುಚ್ಚುತ್ತದಾ? ಮನೆಯ ಹಿಂದೆ ಗುಡ್ಡ ಕಡಿದರೆ ದರೆ ನಿಲ್ಲುತ್ತದಾ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬವೇ ಮಣ್ಣಿನಡಿ ಸಿಕ್ಕಿತು. ನಿಮ್ಮ ಜಾಗದ ಮಳೆಯ ಸ್ವಭಾವ ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತು ನಕ್ಷೆ ಬರೆದವರಿಗೆ ಗೊತ್ತಿರುವುದಿಲ್ಲ. ಆಟಿ ತಿಂಗಳ ಫೋಟೋ, ವಿಡಿಯೋ ಇದ್ದರೆ ತಾರೀಕು ಸಹಿತ ಜೋಡಿಸಿ. ನೀವು ಒಬ್ಬರೇ ಬರೆಯುವ ಬದಲು ಕೇರಿಯವರೆಲ್ಲ ಬೇರೆ ಬೇರೆ ಅರ್ಜಿಯಲ್ಲಿ ಇದನ್ನೇ ಬರೆದರೆ ತೂಕ ಜಾಸ್ತಿ.

ಅರ್ಜಿ ಕೊಟ್ಟವರನ್ನು ವಿಚಾರಣೆಗೆ ಕರೆಯಬೇಕು. ಹೋಗಿ. ವಕೀಲರನ್ನು ಕರೆದುಕೊಂಡು ಹೋಗಲೂ ಅವಕಾಶ ಇದೆ. ಆದೇಶ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಇದಾದ ಮೇಲೆ 3ಡಿ ಘೋಷಣೆ. 3ಎ ಆಗಿ ಒಂದು ವರ್ಷದೊಳಗೆ ಇದು ಬರದಿದ್ದರೆ 3ಎ ಬಿದ್ದುಹೋಗುತ್ತದೆ (ಕೋರ್ಟ್ ತಡೆ ಇದ್ದ ದಿನಗಳನ್ನು ಬಿಟ್ಟು ಲೆಕ್ಕ). ಎರಡೂ ತಾರೀಕುಗಳನ್ನು ಬರೆದಿಟ್ಟುಕೊಳ್ಳಿ. 3ಡಿ ಆದ ಕ್ಷಣದಿಂದ ಜಾಗ ಕೇಂದ್ರ ಸರ್ಕಾರದ್ದು. ಅದಾದ ಮೇಲೆ ಅದನ್ನು ಮಾರುವ ಮಾತು ಇಲ್ಲ.

ಜಂಟಿ ಮೋಜಣಿಯ ದಿನ

ನನ್ನ ಲೆಕ್ಕದಲ್ಲಿ ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ದೊಡ್ಡ ದಿನ ಇಲ್ಲ. ದರದ ಬಗ್ಗೆ ಆಮೇಲೆ ಜಗಳ ಮಾಡಬಹುದು. ಪಟ್ಟಿಯಲ್ಲೇ ಇಲ್ಲದ ಮರಕ್ಕೆ, ಕಟ್ಟಡ ಕೆಡವಿದ ಮೇಲೆ, ಸಾಕ್ಷಿ ಎಲ್ಲಿಂದ ತರುತ್ತೀರಿ?

ಹಿಂದಿನ ದಿನವೇ ಮನೆಯ ಸುತ್ತ ಒಂದು ಸುತ್ತು ಹಾಕಿ ನಿಮ್ಮದೇ ಪಟ್ಟಿ ಮಾಡಿ. ಮಕ್ಕಳ ನೋಟುಬುಕ್ಕಿನಲ್ಲಿ ಬರೆದರೂ ಸಾಕು. ತೆಂಗು ಎಷ್ಟು, ಫಲ ಬಿಡುವುದೆಷ್ಟು, ಸಸಿ ಎಷ್ಟು. ಅಡಿಕೆ ಎಷ್ಟು, ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಎಷ್ಟು. ಮಾವಾದರೆ ಯಾವ ಜಾತಿ ಅಂತಲೂ ಬರೆಯಿರಿ. ಅಂಕೋಲೆಯ ಕರಿ ಈಶಾಡು ಮರವನ್ನು 'ಕಾಡುಮಾವು' ಅಂತ ಬರೆದುಕೊಂಡರೆ ಸಿಗುವ ಬೆಲೆಯೇ ಬೇರೆ. ಹಲಸು, ಗೇರು, ಮುರುಗಲು, ಸಾಗವಾನಿ, ಮಲ್ಲಿಗೆ ಚಪ್ಪರ, ಎಲ್ಲ ಬರೆಯಿರಿ. ಬಾವಿಯ ಸುತ್ತಳತೆ, ಆಳ, ಚಿರೆಕಲ್ಲಿನ ಕಟ್ಟೋ ಸಿಮೆಂಟ್ ರಿಂಗೋ. ಪಂಪು, ಪೈಪ್‌ಲೈನ್, ಟ್ಯಾಂಕು. ಪಾಗಾರದ ಉದ್ದ ಮತ್ತು ಎತ್ತರ, ಗೇಟು. ಕೊಟ್ಟಿಗೆ, ಬಚ್ಚಲು, ಶೌಚಾಲಯದ ಗುಂಡಿ, ಗೊಬ್ಬರ ಗುಂಡಿ. ನೆಲದಡಿ ಇರುವುದನ್ನು ನೀವು ತೋರಿಸದಿದ್ದರೆ ಯಾರಿಗೂ ಕಾಣುವುದಿಲ್ಲ. ಬಾವಿಯ ಬಲೆ ತೆಗೆದಿಡಿ.

ಪ್ರತಿಯೊಂದರ ಫೋಟೋ ತೆಗೆಯಿರಿ. ಪಕ್ಕದಲ್ಲಿ ಮನೆಯವರೊಬ್ಬರು ನಿಂತಿರಲಿ, ಅಳತೆ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಜಾಗ, ತಾರೀಕು ತೋರಿಸುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು.

ಮೋಜಣಿಗೆ ಬರುವವರು ಹಲವರು. ಭೂಮಾಪನ ಇಲಾಖೆಯ ಸರ್ವೇಯರ್, ಹೆದ್ದಾರಿ ಕಡೆಯವರು, ಕಂದಾಯದವರು. ಕಟ್ಟಡಕ್ಕೆ ಇಂಜಿನಿಯರ್, ತೋಟಕ್ಕೆ ತೋಟಗಾರಿಕೆ ಇಲಾಖೆ, ಕಾಡುಮರಕ್ಕೆ ಅರಣ್ಯ ಇಲಾಖೆ ಬೇರೆ ದಿನ ಬರಬಹುದು. ಬಂದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಮರ್ಯಾದೆಯಿಂದ ಜತೆಗೇ ನಡೆಯಿರಿ. ಅವರು ಬರೆಯುವಾಗ ನಿಮ್ಮ ಪಟ್ಟಿ ಕೈಯಲ್ಲಿರಲಿ.

ಗಡಿ ಕಲ್ಲು ಎಲ್ಲಿ ಇಡುತ್ತಾರೆ ನೋಡಿ. ಹಳೆಯ ರಸ್ತೆಯ ಹದ್ದು ಯಾವುದು ಅಂತ ಕೇಳಿ. ಹಳೆ ಹದ್ದಿನ ಒಳಗೆ ಬರುವ ಜಾಗ ಈಗಾಗಲೇ ರಸ್ತೆಯದ್ದೇ ಅಂತ ಅದಕ್ಕೆ ಪರಿಹಾರ ಕೊಡುವುದಿಲ್ಲ. ನಿಮ್ಮ ಪಹಣಿಯ ವಿಸ್ತೀರ್ಣಕ್ಕೂ ಸ್ಥಳದಲ್ಲಿರುವುದಕ್ಕೂ ತಾಳೆ ಆಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಬೇರೆಯೇ ಅಳೆಸಿ.

ಕೊನೆಗೆ ಹಾಳೆ ಮುಂದೆ ಹಿಡಿಯುತ್ತಾರೆ. ಓದಿ. ಕನ್ನಡಕ ಮನೆಯೊಳಗಿದ್ದರೆ ತರಿಸಿ ಓದಿ. ಖಾಲಿ ಜಾಗ ಇದ್ದರೆ ಅಡ್ಡಗೆರೆ ಎಳೆಯಿರಿ. ಬಿಟ್ಟುಹೋದದ್ದು ಇದ್ದರೆ ಸಹಿಯ ಮೇಲೆಯೇ "ಬಾವಿ ಒಂದು, ತೆಂಗು ಮೂರು ಸೇರಿಸಿಲ್ಲ" ಅಂತ ಬರೆದು ಆಮೇಲೆ ಸಹಿ ಮಾಡಿ. ಆ ಹಾಳೆಯ ಫೋಟೋ ಅಲ್ಲೇ ತೆಗೆದುಕೊಳ್ಳಿ. ಅವತ್ತು ಸಂಜೆಯೇ ಬಿಟ್ಟುಹೋದದ್ದರ ಬಗ್ಗೆ ಒಂದು ಅರ್ಜಿ ಬರೆದು ಮರುದಿನ ಕಚೇರಿಗೆ ಕೊಡಿ.

ಪರಿಹಾರದ ಲೆಕ್ಕ

3ಜಿ ಹಂತದಲ್ಲಿ ಮತ್ತೆ ಪತ್ರಿಕೆಯಲ್ಲಿ ನೋಟಿಸು ಬರುತ್ತದೆ, ಹಕ್ಕು ಇರುವವರು ಬಂದು ಕ್ಲೇಮು ಹಾಕಿ ಅಂತ. ಈಗ ದರದ ಬಗ್ಗೆ, ಮರ-ಮನೆಯ ಬಗ್ಗೆ ಎಲ್ಲ ಬರೆಯಬೇಕು.

ಜಾಗದ ಮಾರುಕಟ್ಟೆ ಬೆಲೆಯನ್ನು 3ಎ ಪ್ರಕಟವಾದ ದಿನಕ್ಕೆ ಲೆಕ್ಕ ಹಾಕುತ್ತಾರೆ. ಎರಡು ಅಂಕಿ ಹೋಲಿಸಿ ಜಾಸ್ತಿ ಯಾವುದೋ ಅದನ್ನು ಹಿಡಿಯಬೇಕು. ಒಂದು, ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ. ಇನ್ನೊಂದು, ಹತ್ತಿರದ ಅದೇ ಥರದ ಜಾಗಗಳ ಹಿಂದಿನ ಮೂರು ವರ್ಷದ ಮಾರಾಟದ ಸರಾಸರಿ. ಸರಾಸರಿ ತೆಗೆಯುವಾಗ ಎಲ್ಲ ಪತ್ರಗಳನ್ನೂ ಹಿಡಿಯುವಂತಿಲ್ಲ. ಜಾಸ್ತಿ ಬೆಲೆ ಇರುವ ಅರ್ಧದಷ್ಟನ್ನು ಮಾತ್ರ ಹಿಡಿಯಬೇಕು. ಈ ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ನೀವೇ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ನಿಮ್ಮ ಊರಿನ ಒಳ್ಳೆ ಬೆಲೆಯ ಪತ್ರಗಳ ದೃಢೀಕೃತ ನಕಲು ತೆಗೆದು ಕ್ಲೇಮಿಗೆ ಜೋಡಿಸಿ.

ಒಂದು ಉದಾಹರಣೆ. ಅಂಕಿ ಸುಮ್ನೆ ಲೆಕ್ಕ ತೋರಿಸಲು. ಹಳ್ಳಿಯಲ್ಲಿ ಮೂರೂವರೆ ಗುಂಟೆ ಹೋಗುತ್ತದೆ, ಗುಂಟೆಗೆ ಒಂದು ಲಕ್ಷ. ಜಾಗದ ಬೆಲೆ 3.5 ಲಕ್ಷ. ಹಳ್ಳಿ ಜಾಗಕ್ಕೆ ಇದನ್ನು 1ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸಬೇಕು. ಪಟ್ಟಣದಿಂದ ಎಷ್ಟು ದೂರ ಅನ್ನುವುದರ ಮೇಲೆ ಅದು ನಿಂತಿದೆ. 1.5 ಅಂತ ಇಟ್ಟುಕೊಳ್ಳೋಣ, 5.25 ಲಕ್ಷ ಆಯಿತು. ಇದಕ್ಕೆ ಮನೆ, ಬಾವಿ, ಮರದ ಬೆಲೆ ಸೇರಿಸಬೇಕು. ಅದು 2 ಲಕ್ಷ ಅಂದರೆ ಒಟ್ಟು 7.25 ಲಕ್ಷ. ಇದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ (ಒತ್ತಾಯದಿಂದ ಜಾಗ ತೆಗೆದುಕೊಳ್ಳುವುದಕ್ಕೆ ಕೊಡುವ ಹೆಚ್ಚುವರಿ ಹಣ), ಅಂದರೆ ಇನ್ನೊಂದು 7.25 ಲಕ್ಷ. ಈಗ 14.5 ಲಕ್ಷ. ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲಿನ ಜಾಗದ ಬೆಲೆಯ ಮೇಲೆ, ಅಧಿಸೂಚನೆಯಿಂದ ಐತೀರ್ಪಿನವರೆಗೆ (ಪರಿಹಾರ ಇಷ್ಟು ಅಂತ ಅಧಿಕಾರಿ ಹೊರಡಿಸುವ ಆದೇಶದವರೆಗೆ) ವರ್ಷಕ್ಕೆ 12 ಪರ್ಸೆಂಟ್. ಒಂದೂವರೆ ವರ್ಷ ಹಿಡಿದರೆ 63 ಸಾವಿರ. ಒಟ್ಟು 15.13 ಲಕ್ಷ.

ನಿಮ್ಮ ಐತೀರ್ಪು ಕೈಗೆ ಬಂದಾಗ ಈ ಐದು ಮೆಟ್ಟಿಲು ಅದರಲ್ಲಿ ಇದೆಯಾ ಅಂತ ಒಂದೊಂದಾಗಿ ನೋಡಿ. ಗುಣಿಸಿದ ಅಂಕಿ ಎಷ್ಟು? ಮರ-ಮನೆಯ ಬೆಲೆಗೂ ಸೊಲೇಷಿಯಂ ಕೊಟ್ಟಿದ್ದಾರಾ? 12 ಪರ್ಸೆಂಟ್ ಬಿಟ್ಟಿದ್ದಾರಾ? ಮನೆ ಹಳೆಯದು ಅಂತ ಸವಕಳಿ ಕಳೆದಿದ್ದರೆ ಯಾಕೆ ಅಂತ ಕೇಳಿ. ನಮ್ಮ ಚಿರೆಕಲ್ಲಿನ ಹಂಚಿನ ಮನೆಯನ್ನು ಇವತ್ತು ಕಟ್ಟಲು ಎಷ್ಟು ಬೇಕು ಅಂತ ಒಬ್ಬ ಇಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ ಜೋಡಿಸಿ.

ಜಾಗ ತುಂಡಾಗಿ ಉಳಿದ ಭಾಗ ಕೆಲಸಕ್ಕೆ ಬಾರದಂತಾದರೆ ಆ ನಷ್ಟವನ್ನೂ ಕೇಳಬಹುದು. ತೋಟ ಆಚೆ, ಬಾವಿ ಈಚೆ ಆದರೆ? ರಸ್ತೆ ಎತ್ತರವಾಗಿ ಮನೆ ಹೊಂಡದಲ್ಲಿ ಉಳಿದರೆ? ಅಂಗಡಿಯ ದುಡಿಮೆ ನಿಂತರೆ? ಇದನ್ನೆಲ್ಲ ಕ್ಲೇಮಿನಲ್ಲಿ ಬೇರೆ ಬೇರೆ ಸಾಲಿನಲ್ಲಿ, ಅಂಕಿ ಸಹಿತ ಬರೆಯಿರಿ. ಅಂಕಿ ಇಲ್ಲದ ಬೇಡಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಯೇ ಹೋಗುವವರಿಗೆ ಪುನರ್ವಸತಿ ಬೇರೆ. 2013ರ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇದೆ: ಮನೆ ಅಥವಾ ಅದರ ವೆಚ್ಚ, ತಿಂಗಳಿಗೆ 3,000 ರೂಪಾಯಿಯಂತೆ ಒಂದು ವರ್ಷ ಜೀವನ ಭತ್ಯೆ, ಸಾಮಾನು ಸಾಗಿಸಲು 50,000, ಒಂದು ಸಲದ ಪುನರ್ವಸತಿ ಭತ್ಯೆ 50,000. ಕೊಟ್ಟಿಗೆ ಅಥವಾ ಸಣ್ಣ ಅಂಗಡಿಗೆ ಕನಿಷ್ಠ 25,000. ಇದು ಜಾಗದ ಪರಿಹಾರದ ಹೊರತಾಗಿ ಸಿಗುವಂಥದ್ದು. ಕೇಳದವರಿಗೆ ಇದು ಬರುವುದು ಕಡಿಮೆ.

ಹಣ ತೆಗೆದುಕೊಳ್ಳುವಾಗ, ಸಾಲದಿದ್ದಾಗ

ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ನಡುವೆ ಯಾರೂ ಬೇಕಾಗಿಲ್ಲ. "ಇಷ್ಟು ಪರ್ಸೆಂಟ್ ಕೊಡಿ, ಫೈಲ್ ಮುಂದೆ ಹಾಕಿಸುತ್ತೇನೆ" ಅನ್ನುವವರು ಪ್ರತಿ ಊರಿನಲ್ಲೂ ಬರುತ್ತಾರೆ. ಅವರಿಗೆ ಖಾಲಿ ಚೆಕ್ಕು, ಸಹಿ ಮಾಡಿದ ಖಾಲಿ ಕಾಗದ ಕೊಡಬೇಡಿ. ಫೈಲ್ ಎಲ್ಲಿದೆ ಅಂತ ತಿಳಿಯಲು ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಲೆಕ್ಕದ ಹಾಳೆ, ಮೋಜಣಿ ಪಟ್ಟಿ, ಹೋಲಿಸಿದ ಮಾರಾಟ ಪತ್ರಗಳ ನಕಲು ಎಲ್ಲ ಹೀಗೇ ಪಡೆಯಬಹುದು. ನಮ್ಮ ಬಾವಿ ಸೇರಿದ್ದು ಈ ದಾರಿಯಲ್ಲೇ.

ಮೊತ್ತ ಒಪ್ಪಿಗೆ ಇಲ್ಲದಿದ್ದರೂ ಹಣ ತೆಗೆದುಕೊಳ್ಳಿ. ಬೇಡ ಅಂತ ಬಿಟ್ಟರೆ ರಸ್ತೆ ನಿಲ್ಲುವುದಿಲ್ಲ. ಆದರೆ ರಸೀದಿಯ ಮೇಲೂ, ಬೇರೆ ಪತ್ರದಲ್ಲೂ "ಮೊತ್ತಕ್ಕೆ ಆಕ್ಷೇಪಣೆ ಇಟ್ಟುಕೊಂಡು ಪಡೆದಿದ್ದೇನೆ" ಅಂತ ಬರೆಯಿರಿ.

ಆಮೇಲೆ ಹೆದ್ದಾರಿ ಪ್ರಕರಣವಾದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಅರ್ಜಿ. ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಆ ದರ್ಜೆಯ ಅಧಿಕಾರಿ ಇರುತ್ತಾರೆ. ವರ್ಷಗಟ್ಟಲೆ ಕಾಯದೆ ಬೇಗ ಹಾಕಿ. ಅಲ್ಲಿ ಮೊತ್ತ ಜಾಸ್ತಿ ಆದರೆ ಆ ಜಾಸ್ತಿ ಭಾಗಕ್ಕೆ ವರ್ಷಕ್ಕೆ 9 ಪರ್ಸೆಂಟ್ ಬಡ್ಡಿ ಕೊಡಲು ಅವಕಾಶ ಇದೆ. ಅಲ್ಲೂ ಸರಿ ಆಗದಿದ್ದರೆ ಜಿಲ್ಲಾ ನ್ಯಾಯಾಲಯ, ಆದೇಶ ಸಿಕ್ಕ ಮೂರು ತಿಂಗಳೊಳಗೆ. ಆದರೆ ಕೋರ್ಟಿಗೆ ಮೊತ್ತವನ್ನು ತಾನೇ ಹೊಸದಾಗಿ ನಿಗದಿ ಮಾಡುವ ಅಧಿಕಾರ ತುಂಬ ಕಡಿಮೆ. ಹಾಗಾಗಿ ನಿಮ್ಮ ಎಲ್ಲ ಸಾಕ್ಷಿ ಮಧ್ಯಸ್ಥಗಾರರ ಮುಂದೆಯೇ ಬರಬೇಕು. ರಾಜ್ಯ ರಸ್ತೆಯ ಪ್ರಕರಣದಲ್ಲಿ ದಾರಿ ಬೇರೆ: ಐತೀರ್ಪಿನ ದಿನ ನೀವು ಹಾಜರಿದ್ದರೆ ಆರು ವಾರದೊಳಗೆ ಪ್ರಕರಣವನ್ನು ಭೂಸ್ವಾಧೀನ, ಪುನರ್ವಸತಿ ಪ್ರಾಧಿಕಾರಕ್ಕೆ ಕಳಿಸಿ ಅಂತ ಅರ್ಜಿ ಕೊಡಬೇಕು.

1997ರಿಂದ 2015ರ ನಡುವೆ ಹೆದ್ದಾರಿಗೆ ಜಾಗ ಕೊಟ್ಟವರಿಗೂ ಒಂದು ಮಾತು. ಆಗ ಸೊಲೇಷಿಯಂ ಕೊಡುತ್ತಿರಲಿಲ್ಲ. ಅದು ತಪ್ಪು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2025ರಲ್ಲಿ ಅದನ್ನೇ ಮತ್ತೆ ಎತ್ತಿಹಿಡಿಯಿತು. ಹಳೆಯ ಫೈಲ್ ಹುಡುಕಿ ಒಬ್ಬ ಒಳ್ಳೆ ವಕೀಲರಿಗೆ ತೋರಿಸಿ.

ಹಕ್ಕುಪತ್ರ ಇಲ್ಲದವರು

ಉತ್ತರ ಕನ್ನಡದಲ್ಲಿ ಅರಣ್ಯ ಜಾಗವೇ ಹೆಚ್ಚು. ಮೂರು ತಲೆಮಾರಿನಿಂದ ಅಲ್ಲೇ ಮನೆ ಕಟ್ಟಿಕೊಂಡು ಕೂತಿದ್ದರೂ ಪಹಣಿಯಲ್ಲಿ 'ಅರಣ್ಯ' ಅಂತಲೇ ಇರುತ್ತದೆ. ಇಂಥವರು "ನಮಗೇನೂ ಇಲ್ಲ" ಅಂತ ಮೋಜಣಿಯ ದಿನ ದೂರ ನಿಲ್ಲುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿ, ಗ್ರಾಮಸಭೆ ಠರಾವು, ಜಿಪಿಎಸ್ ನಕ್ಷೆ ಎಲ್ಲ ಹುಡುಕಿ ಇಡಿ. ಮನೆ ತೆರಿಗೆ ರಸೀದಿ, ಪಡಿತರ ಚೀಟಿ, ಕರೆಂಟ್ ಬಿಲ್ಲು ಇರಲಿ. ಜಾಗಕ್ಕೆ ಸಿಗದಿದ್ದರೂ ನೀವು ಕಟ್ಟಿದ ಮನೆಗೆ, ನೆಟ್ಟ ಮರಕ್ಕೆ, ಪುನರ್ವಸತಿಗೆ ಕ್ಲೇಮು ಹಾಕಿ. ಜಾಗ ಇಲ್ಲದಿದ್ದರೂ ಮೂರು ವರ್ಷದಿಂದ ಆ ಜಾಗದ ಮೇಲೆಯೇ ದುಡಿದು ಬದುಕುತ್ತಿದ್ದ ಕೂಲಿಯವರು, ಗೇಣಿದಾರರು, ಸಣ್ಣ ಅಂಗಡಿಯವರನ್ನೂ ಕಾಯ್ದೆ 'ಬಾಧಿತ ಕುಟುಂಬ' ಅಂತ ಎಣಿಸುತ್ತದೆ. ರಸ್ತೆ ಬದಿ ಮೀನು ಮಾರುವ ಅಕ್ಕ, ಗೂಡಂಗಡಿಯ ಅಣ್ಣ ಇವರ ಹೆಸರು ಪಟ್ಟಿಗೆ ಬರುವಂತೆ ಊರಿನವರು ನೋಡಿಕೊಳ್ಳಬೇಕು.

ಜಾಗ ಬಿಟ್ಟುಕೊಟ್ಟ ಮೇಲೆ

ಹಣ ಜಮಾ ಆದ ಮೇಲೆ ಬಿಟ್ಟುಕೊಡಿ ಅಂತ ನೋಟಿಸು ಬರುತ್ತದೆ, 60 ದಿನ ಸಮಯ. ಗದ್ದೆಯಲ್ಲಿ ಬೆಳೆ ಇದ್ದರೆ ಕೊಯ್ಲಿನವರೆಗೆ ಬಿಡಿ ಅಂತ ಬರೆದು ಕೇಳಿ. ಹಂಚು, ಬಾಗಿಲು, ಮರಮುಟ್ಟು ಒಯ್ಯಲೂ ಬರವಣಿಗೆಯಲ್ಲೇ ಅನುಮತಿ ಪಡೆಯಿರಿ. ನಮ್ಮ ಮನೆಯ ಮುಂಬಾಗಿಲು ಅಜ್ಜ ಮಾಡಿಸಿದ್ದು, ಹಲಸಿನ ಮರದ್ದು. ಅದನ್ನು ಬಿಚ್ಚಿ ಹಿಂದಿನ ಕೋಣೆಗೆ ಹಾಕಿದ್ದೇವೆ.

ಉಳಿದ ಜಾಗದಲ್ಲಿ ಗೋಡೆ ಎಬ್ಬಿಸುವ ಮೊದಲು ಹೆದ್ದಾರಿಯ ಬಿಲ್ಡಿಂಗ್ ಲೈನ್ (ಇದರಾಚೆಯೇ ಕಟ್ಟಬೇಕು ಅನ್ನುವ ಗೆರೆ) ಎಲ್ಲಿಗೆ ಬರುತ್ತದೆ ಅಂತ ಕೇಳಿ. ಪರಿಹಾರದ ಹಣ ಹಾಕಿ ಕಟ್ಟಿದ ಅಂಗಡಿಗೆ ಮತ್ತೆ ನೋಟಿಸು ಬಂದದ್ದಿದೆ. ಆದಾಯ ತೆರಿಗೆಯ ಬಗ್ಗೆಯೂ ಹಣ ಖರ್ಚು ಮಾಡುವ ಮೊದಲೇ ಒಬ್ಬ ಲೆಕ್ಕಪರಿಶೋಧಕರನ್ನು ಕಾಣಿ. ಪರಿಹಾರಕ್ಕೆ ವಿನಾಯಿತಿ ಇದೆ, ಬಡ್ಡಿ ಭಾಗಕ್ಕೆ ನಿಯಮ ಬೇರೆ.

ಕೊನೆಯದಾಗಿ ಹೊಸ ಪಹಣಿ. ಕಡಿತ ಆದ ವಿಸ್ತೀರ್ಣವನ್ನು ಐತೀರ್ಪಿನ ವಿಸ್ತೀರ್ಣದ ಪಕ್ಕ ಇಟ್ಟು ನೋಡಿ, ಆಣೆವರೆಗೆ. ಆಮೇಲೆ ಟೇಪು ಹಿಡಿದು ಅಂಗಳಕ್ಕೆ ಇಳಿಯಿರಿ. ಮನೆಯ ಮೂಲೆಯಿಂದ ರಸ್ತೆಯ ಕಲ್ಲಿನವರೆಗೆ ಎಷ್ಟಿದೆ ಅಂತ ಅಳೆದು ಪಹಣಿಯ ಹಿಂದೆಯೇ ಬರೆದಿಡಿ. ನಮ್ಮದು 14 ಅಡಿ. ಚರಂಡಿ ತೋಡುವವರು ಬಂದಾಗ ಕಲ್ಲು ಎರಡು ಅಡಿ ಒಳಗೆ ಸರಿದಿತ್ತು. ಅಪ್ಪ ಆ ಪಹಣಿಯನ್ನು ತಂದು ತೋರಿಸಿದರು, ಅವರು ಅಳೆದು ನೋಡಿ ಕಲ್ಲನ್ನು ವಾಪಸ್ ಇಟ್ಟರು.